ದೊಡ್ಡವರ ಸ್ವಿಮ್ಮಿಂಗ್ ಬ್ಯಾಚ್ ಹೇಗಿದೆ: ನೀರು ಕಂಡ್ರೆ ಕಾಲು ನಡುಗೋರಿಗಾಗಿ

ನಾಲ್ಕು ಸ್ಟಾರ್. ಇದು ಮಕ್ಕಳ ಕೋಚಿಂಗ್ ಬಗ್ಗೆ ಅಲ್ಲ, ಬೆಳಿಗ್ಗೆ ನಡೆಯೋ ದೊಡ್ಡವರ ಬಿಗಿನರ್ಸ್ ಬ್ಯಾಚ್ ಬಗ್ಗೆ ಮಾತ್ರ.

ನಮ್ಮದು ಮಂಡ್ಯ ಕಡೆ, ಮನೆ ಹಿಂದೇನೇ ನಾಲೆ, ಹಾಗಂತ ಈಜು ಬರುತ್ತೆ ಅನ್ಕೋಬೇಡಿ, ಗಂಡು ಹುಡುಗ್ರು ಬೆನ್ನಿಗೆ ಸೋರೆಬುರುಡೆನೋ ಖಾಲಿ ಕ್ಯಾನೋ ಕಟ್ಕೊಂಡು ಬಾವಿಗೆ ಹಾರಿ ಕಲಿತ್ರು, ಹೆಣ್ಮಕ್ಕಳಿಗೆ ಮಾತ್ರ "ನೀರಿನ ಹತ್ರ ಹೋದ್ರೆ ಕಾಲು ಮುರೀತೀನಿ" ಅಂತಾನೇ ಬೆಳೆಸಿದ್ದು. ನಲವತ್ತು ದಾಟಿದ ಮೇಲೆ ಇದೆಲ್ಲ ಬೇಕಾ, ಕಾಸ್ಟ್ಯೂಮ್ ಹಾಕ್ಕೊಂಡು ನಿಂತ್ರೆ ನೋಡಿದೋರು ಏನಂತಾರೆ ಅಂತ ಯೋಚಿಸ್ತಾನೇ ಬೇಸಿಗೆ ಮೇಲೆ ಬೇಸಿಗೆ ಕಳೀತಿತ್ತು.

ಇಲ್ಲಿನ ಕೋಚ್ ಧೈರ್ಯ ತುಂಬೋ ಭಾಷಣ ಮಾಡಲ್ಲ, ಅದೇ ನಂಗಿಷ್ಟ ಆಗಿದ್ದು. "ಭಯ ಆಗ್ತಿದೆ ಸರ್" ಅಂದ್ರೆ "ಆಗ್ಲಿ ಬಿಡಿ ಮೇಡಂ, ಕಂಬಿ ಹಿಡ್ಕೊಂಡು ಮುಖ ನೀರೊಳಗಿಟ್ಟು ಗುಳ್ಳೆ ಬಿಡಿ" ಅಂತಾರೆ, ಅಷ್ಟೇ. ಶುರುವಲ್ಲಿ ದಿನಾ ಬರೀ ಇದೇ. ದುಡ್ಡು ಕೊಟ್ಟು ಗುಳ್ಳೆ ಬಿಡೋಕೆ ಬಂದ್ವಾ ಅನ್ಸುತ್ತೆ. ಆದ್ರೆ ಹೊಸಬರು ನೀರೊಳಗೆ ಉಸಿರು ಬಿಗಿ ಹಿಡಿದಿರ್ತಾರೆ, ತಲೆ ಎತ್ತಿದಾಗ ಬಿಡೋದು ತಗೊಳ್ಳೋದು ಎರಡೂ ಒಟ್ಟಿಗೆ ಮಾಡೋಕೆ ಹೋಗಿ ನೀರು ಕುಡೀತಾರೆ, ಗಾಬರಿ ಹತ್ತೋದು ಅಲ್ಲೇ. ಒಳಗೇ ಉಸಿರು ಬಿಟ್ಟು ಬಂದ್ರೆ ಮೇಲೆ ಬರೀ ಎಳ್ಕೊಂಡ್ರಾಯ್ತು.

ಆಮೇಲೆ ನಾಲ್ಕಡಿ ನೀರಲ್ಲಿ ನಿಲ್ಲಿಸಿ, ಎದೆ ತುಂಬ ಉಸಿರು ತಗೊಂಡು ತಳದಲ್ಲಿ ಹೋಗಿ ಕೂತ್ಕೊಳ್ಳಿ ಅಂದ್ರು. ಎಷ್ಟು ಒದ್ದಾಡಿದ್ರೂ ಕೂರೋಕೆ ಆಗ್ಲಿಲ್ಲ, ಎದೇಲಿ ಗಾಳಿ ಇದ್ರೆ ನೀರೇ ಮೇಲಕ್ಕೆ ತಳ್ಳುತ್ತೆ! ಮುಳುಗಿಬಿಡ್ತೀವಿ ಅಂತ ಇಷ್ಟು ವರ್ಷ ಹೆದರಿದ್ದ ಹೆಂಗಸ್ರೆಲ್ಲ ಮುಳುಗೋಕಾಗ್ತಿಲ್ಲ ಅಂತ ಬ್ಯಾಚಿಗೆ ಬ್ಯಾಚೇ ನಗು. (ಇದನ್ನ ಕೆರೆ, ನಾಲೇಲಿ ಟ್ರೈ ಮಾಡ್ಬೇಡಿ ಮತ್ತೆ, ಹರಿಯೋ ನೀರಿನ ಲೆಕ್ಕಾನೇ ಬೇರೆ.)

ಇನ್ನೊಂದು ಒಳ್ಳೇದು, ತೇಲೋದಕ್ಕಿಂತ ಮುಂಚೆ ಎದ್ದು ನಿಲ್ಲೋದು ಕಲಿಸ್ತಾರೆ. ಮಂಡಿ ಎದೆಗೆ ಎಳ್ಕೊಂಡು, ಕೈಯಿಂದ ನೀರನ್ನ ಕೆಳಕ್ಕೆ ಒತ್ತಿ, ತಲೆ ಎತ್ತಿ ಕಾಲು ಊರೋದು. ಇದು ಬಂತಂದ್ರೆ ಗೋಡೆ ಬಿಡೋಕೆ ಕೈ ತಾನಾಗೇ ಒಪ್ಪುತ್ತೆ. ನನ್ನ ಫ್ರೆಂಡ್ ಹೋಗ್ತಿದ್ದ ಬೇರೊಂದು ಪೂಲಲ್ಲಿ "ಭಯ ಬಿಡಿಸ್ತೀನಿ" ಅಂತ ಆಳದ ಕಡೆ ತಳ್ಳಿಬಿಟ್ಟಿದ್ರಂತೆ, ಅವಳು ಇವತ್ತಿಗೂ ಬಕೆಟ್ ಸ್ನಾನ ಬಿಟ್ರೆ ನೀರಿನ ಸಹವಾಸಕ್ಕೇ ಹೋಗಲ್ಲ. ನಮ್ಮ ಬೆಂಗಳೂರಿನ ಈಜುಗಾರ್ತಿ ನಿಶಾ ಮಿಲ್ಲೆಟ್ ಕೂಡ ಚಿಕ್ಕವರಿದ್ದಾಗ ಮುಳುಗೋದ್ರಲ್ಲಿದ್ರು, ಆ ಭಯ ಹೋಗ್ಲಿ ಅಂತ ಅವರಪ್ಪನೇ ಈಜು ಕಲಿಸಿದ್ದು, ಆಮೇಲೆ 2000ದ ಸಿಡ್ನಿ ಒಲಿಂಪಿಕ್ಸ್‌ಗೆ ಹೋದ್ರು. ನಂಗೆ ಒಲಿಂಪಿಕ್ಸ್ ಏನೂ ಬೇಡ, ಈಗ ಕಿಕ್ ಬೋರ್ಡ್ (ಕೈಲಿ ಹಿಡ್ಕೊಳ್ಳೋ ತೇಲು ಹಲಗೆ) ಇಲ್ದೆ ಪೂಲಿನ ಅಡ್ಡಕ್ಕೆ ಹೋಗ್ತೀನಿ, ಉದ್ದಕ್ಕೆ ಹೋಗೋಕೆ ಇನ್ನೂ ಎದೆ ಡವಡವ ಅನ್ನುತ್ತೆ, ಹಾಗೆ ಹೆದರ್ಕೊಂಡೇ ಹೋಗೋದು.

ಸ್ಟಾರ್ ಕಟ್ ಆಗಿದ್ದು ಚೇಂಜಿಂಗ್ ರೂಮಿಗೆ. ಚಿಲಕ ಸರಿಯಿಲ್ಲ, ಬಟ್ಟೆ ನೇತುಹಾಕೋಕೆ ಮೊಳೆ ಕೂಡ ಇಲ್ಲ, ಮೊದಲೇ ಸಂಕೋಚ ಪಡ್ಕೊಂಡು ಬರೋ ಹೆಂಗಸರಿಗೆ ಇದು ಸಣ್ಣ ವಿಷಯ ಅಲ್ಲ ಸ್ವಾಮಿ. ಕ್ಯಾಪ್ ಕಂಪಲ್ಸರಿ, ಕಾಟನ್ ಟೀ ಶರ್ಟ್ ಬಿಡಲ್ಲ (ನೀರು ಕುಡಿದು ಭಾರ ಆಗುತ್ತೆ, ಸರಿಯಾಗೇ ಇದೆ), ಮಂಡಿ ತನಕ ಬರೋ ಫುಲ್ ಕಾಸ್ಟ್ಯೂಮ್ ನಡೆಯುತ್ತೆ. ಏಪ್ರಿಲ್, ಮೇ ಮಾತ್ರ ಸೇರ್ಬೇಡಿ, ಸಮ್ಮರ್ ಕ್ಯಾಂಪ್ ಮಕ್ಕಳ ಗಲಾಟೇಲಿ ಕೋಚ್ ಕೈಗೇ ಸಿಗಲ್ಲ. ಜೂನ್ ಕಳೆದ ಮೇಲೆ ನೀರು ಸ್ವಲ್ಪ ತಣ್ಣಗಿರುತ್ತೆ ಆದ್ರೆ ಪೂಲ್ ಖಾಲಿ, ಫೀಸ್ ಕಟ್ಟೋದಾದ್ರೆ ಆವಾಗ ಕಟ್ಟಿ.