ತಿಕೋಟಾದ ತೋಟದಲ್ಲಿ ಕೂತು ಬಳಸಿದ ಸ್ವೀಡಿಷ್ ನಿಘಂಟು

ಮಗಳು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿದ್ದಾಳೆ. ಮೊಮ್ಮಗನಿಗೆ ಸ್ವೀಡಿಷ್ ಸಲೀಸು, ಕನ್ನಡ ಅರ್ಧಂಬರ್ಧ. ಅದಕ್ಕೇ ನಾನು ವಿಜಯಪುರದ ಹತ್ತಿರ ತಿಕೋಟಾದಲ್ಲಿ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾ ಅವನ ಭಾಷೆ ಕಲಿಯುತ್ತಿದ್ದೇನೆ. ಸ್ವೀಡಿಷ್ ಅಕಾಡೆಮಿಯ ನಿಘಂಟು ತಾಣ 'ಸ್ವೆನ್ಸ್ಕಾ ಡಾಟ್ ಎಸ್‌ಇ' (svenska.se) ನನ್ನ ಕೈಹಿಡಿದದ್ದು ಒಂದೇ ಒಂದು ಪದದಿಂದ.

ಮಾರ್ಚಿನಲ್ಲಿ ಶೆಡ್ಡಿನ ತುಂಬ ಮಣೂಕ, ಅಂದರೆ ಒಣದ್ರಾಕ್ಷಿ, ಹರವಿದ್ದೆವು. ಸಂಜೆ ಬಿರುಗಾಳಿ, ಆಲಿಕಲ್ಲು. ವಿಡಿಯೊ ಕಾಲ್‌ನಲ್ಲಿ ನೋಡಿದ ಮೊಮ್ಮಗ 'ಊವೇದೆರ್!' ಎಂದು ಕೂಗಿದ. ಅನುವಾದದ ಒಂದು ಆಪ್ 'ಕೆಟ್ಟ ಹವೆ' ಎಂದಷ್ಟೇ ಹೇಳಿತು. ನನಗೆ ಸಾಲಲಿಲ್ಲ.

ಈ ತಾಣದಲ್ಲಿ ಒಮ್ಮೆ ಹುಡುಕಿದರೆ ಮೂರು ನಿಘಂಟು ತೆರೆಯುತ್ತವೆ, ಪುಕ್ಕಟೆ. ಒಂದರಲ್ಲಿ ರೂಪ, ಒಂದರಲ್ಲಿ ಅರ್ಥ, ಮೂರನೆಯದರಲ್ಲಿ ಪದದ ಹಳೆಯ ಇತಿಹಾಸ. ಈ ಮೂರನೆಯದರ ಕೆಲಸ 1883ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು!

'ವೇದೆರ್' ಅಂದರೆ ಹವೆ. ಪದದ ಮೊದಲಿಗೆ ಸೇರುವ 'ಊ' ನಮ್ಮ 'ಅ' ಇದ್ದ ಹಾಗೆ. ಆದರೆ ಇಲ್ಲಿ ಅದು ಹವೆ ಇಲ್ಲ ಅನ್ನುವುದಿಲ್ಲ, ಹವೆ ಕೆಟ್ಟಿದೆ ಅನ್ನುತ್ತದೆ. ನಮ್ಮ 'ಅಕಾಲ'ದಲ್ಲೂ ಕಾಲ ಇದ್ದೇ ಇರುತ್ತದೆ, ಕೆಟ್ಟಿರುತ್ತದೆ ಅಲ್ವಾ? 'ಗ್ರೇಸ್' ಹುಲ್ಲು, 'ಊಗ್ರೇಸ್' ಕಳೆ. ರೈತನಿಗೆ ಇದಕ್ಕಿಂತ ಜಾಸ್ತಿ ಬಿಡಿಸಿ ಹೇಳಬೇಕಿಲ್ಲ.

ವ್ಯಾಕರಣಕ್ಕೆ ನಾನು ನಂಬುವುದು ಈ ತಾಣವನ್ನೇ. ಸ್ವೀಡಿಷ್ ನಾಮಪದಕ್ಕೆ 'ಒಂದು' ಅನ್ನುವ 'ಎನ್' ಅಥವಾ 'ಎತ್' ಹತ್ತುತ್ತದೆ. ಊವೇದೆರ್ 'ಎತ್' ಪದ. ಒಂದಿದ್ದರೂ ಹತ್ತಿದ್ದರೂ ಊವೇದೆರ್. 'ಆ ಬಿರುಗಾಳಿಮಳೆ' ಎಂದು ಗುರುತಿಸಿ ಹೇಳುವಾಗ ಬಾಲ ಸೇರಿ ಊವೇದ್ರೆತ್, ಬಹುವಚನಕ್ಕೆ ಊವೇದ್ರೆನ್. ಬಿರುಗಾಳಿ ಅನ್ನುವ 'ಸ್ತೊರ್ಮ್' ಹಾಗಲ್ಲ. ಅದು 'ಎನ್' ಪದ, ಬಹುವಚನ ಸ್ತೊರ್ಮಾರ್. ಅರ್ಥವೂ ಬೇರೆ: ಅಲ್ಲಿನ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಸರಾಸರಿ ಗಾಳಿ ಸೆಕೆಂಡಿಗೆ 24.5 ಮೀಟರ್ ಮುಟ್ಟಿದರೇ ಸ್ತೊರ್ಮ್. ಊವೇದೆರ್‌ಗೆ ಅಂಥ ಅಳತೆ ಇಲ್ಲ. ಗುಡುಗು, ಮಳೆ, ಹಿಮ ಎಲ್ಲ ಅದರಲ್ಲಿ ಬಂತು.

ವಿವರಣೆಯೆಲ್ಲ ಸ್ವೀಡಿಷ್‌ನಲ್ಲೇ ಇದೆ. ಆರು ತಿಂಗಳಾದರೂ ಕಲಿತು ಆಮೇಲೆ ಬನ್ನಿ.

ಮೊನ್ನೆ ಮತ್ತೆ ಮೋಡ ಕಟ್ಟಿತು. 'ದೆತ್ ದ್ರಾರ್ ಇಹೂಪ್ ಸೇಯ್ ತಿಲ್ ಊವೇದೆರ್' ಎಂದೆ. ಬಿರುಮಳೆ ಕೂಡಿಕೊಂಡು ಬರುತ್ತಿದೆ ಅಂತ. ಜಗಳ ಹೊಗೆಯಾಡುವಾಗಲೂ ಅವರು ಹೀಗೇ ಅನ್ನುತ್ತಾರೆ. ಮೊಮ್ಮಗ ಒಂದು ಗಳಿಗೆ ಸುಮ್ನಿದ್ದ. ಆಮೇಲೆ ಕನ್ನಡದಲ್ಲೇ ಕೇಳಿದ: 'ಅಜ್ಜಾ, ಮಣೂಕ ಮುಚ್ಚಿದ್ದೀಯಾ?'