ರಾತ್ರಿ ಬಂದರಿನಲ್ಲಿ ನಿಲ್ಲುವ ಕ್ರೂಸ್ ಬುಕ್ ಮಾಡುತ್ತಿದ್ದೀರಾ? ವಾಪಸ್ ಬಸ್ಸಿನ ವಿಷಯ ಮೊದಲು ಕೇಳಿ

"ಬ್ಯಾಂಕಾಕ್, ರಾತ್ರಿಯಿಡೀ ಹಡಗು ಅಲ್ಲೇ ಇರುತ್ತದೆ, ಊರಿನ ರಾತ್ರಿ ಸೊಬಗನ್ನು ಆರಾಮಾಗಿ ನೋಡಿ ಬನ್ನಿ" ಅಂತ ಮಾರುವ ಕ್ರೂಸ್‌ಗಳಿವೆಯಲ್ಲ, ಅಂಥದ್ದಕ್ಕೆ ದುಡ್ಡು ಕಟ್ಟೋಕೆ ಹೊರಟವರು ದಯವಿಟ್ಟು ಇದನ್ನೊಮ್ಮೆ ಓದಿ. ನನಗೆ ಇನ್ನೂ ಸಿಟ್ಟು ಇಳಿದಿಲ್ಲ, ಮಾತು ಹಿಂದುಮುಂದಾದರೆ ಸಹಿಸಿಕೊಳ್ಳಿ. ದೂರು ಇನ್ನೂ ನಡೀತಿರೋದರಿಂದ ಕಂಪನಿಯ ಹೆಸರು ಬರೆಯೋದಿಲ್ಲ.

ದೊಡ್ಡ ಹಡಗುಗಳು ಬ್ಯಾಂಕಾಕ್ ಊರೊಳಗೆ ಬರೋದೇ ಇಲ್ಲ. ಚಾವೊ ಫ್ರಾಯಾ ನದಿಯೊಳಗೆ ಸಣ್ಣ ಹಡಗುಗಳಿಗೆ ಮಾತ್ರ ದಾರಿ. ಉಳಿದವು ನಿಲ್ಲೋದು ಲೇಮ್ ಚಬಾಂಗ್‌ನಲ್ಲಿ. ಚೋನ್‌ಬುರಿ ಪ್ರಾಂತ್ಯದಲ್ಲಿ 1991ರಲ್ಲಿ ಶುರುವಾದ ಬಂದರು, ಎತ್ತ ನೋಡಿದರೂ ಕಂಟೇನರ್ ರಾಶಿ, ನಗರದಿಂದ ಸುಮಾರು 120 ಕಿಲೋಮೀಟರ್. ಟ್ರಾಫಿಕ್ ಇಲ್ಲದಿದ್ದರೇ ಎರಡು ತಾಸು ಬೇಕು. ಕ್ರೂಸ್ ಮಾಡಿದವರಿಗೆ ಇದು ಹೊಸದೇನಲ್ಲ. ರೋಮ್ ಅಂತ ಹೇಳಿ ಚಿವಿತವೆಕ್ಕಿಯಾದಲ್ಲಿ ಇಳಿಸುತ್ತಾರೆ, ಪ್ಯಾರಿಸ್ ಅಂತ ಹೇಳಿ ಲ ಆವ್ರ್‌ನಲ್ಲಿ, ಹೋ ಚಿ ಮಿನ್ ನಗರ ಅಂತ ಹೇಳಿ ಫೂ ಮಿಯಲ್ಲಿ. ದೂರದ ಬಗ್ಗೆ ನನ್ನ ತಕರಾರಿಲ್ಲ. ದೂರ ಗೊತ್ತಿದ್ದಕ್ಕೇ ಬಂದರಿನಲ್ಲಿ ಕೈ ಹಿಡಿದು ಎಳೆಯುವ ವ್ಯಾನಿನವರನ್ನೆಲ್ಲ ಬಿಟ್ಟು, ದುಬಾರಿಯಾದರೂ ಹಡಗಿನವರದ್ದೇ ಬಸ್ಸಿನ ಟಿಕೆಟ್ ತಗೊಂಡಿದ್ದು. ಹೋಗಿ ಬರೋಕೆ ಬಸ್ಸು ಅವರದ್ದು, ಸುತ್ತಾಟ ನಮ್ಮದು. ಹಡಗಿನವರ ಬಸ್ಸಲ್ಲಿ ಹೋದರೆ ತಲೆಬಿಸಿ ಇಲ್ಲ, ತಡವಾದರೆ ಹಡಗೇ ಕಾಯುತ್ತೆ ಅಂತ ತಾನೇ ಎಲ್ಲರೂ ಹೇಳೋದು?

ಹೊರಡುವಾಗ ಕೌಂಟರಿನ ಹುಡುಗಿಯನ್ನು ಬಾಯಿಬಿಟ್ಟು ಕೇಳಿದೆ, ಕೊನೆ ಬಸ್ಸು ಎಷ್ಟು ಗಂಟೆಗೆ ಅಂತ. "ಒಂಬತ್ತಕ್ಕೆ ಸರ್, ಇಳಿಸಿದ ಜಾಗದಿಂದಲೇ." ಟಿಕೆಟ್ ಮೇಲೂ ಒಂಬತ್ತು ಅಂತಲೇ ಇತ್ತು. ನಾನು, ನನ್ನ ಹೆಂಡತಿ, ನಮ್ಮಮ್ಮ. ಅಮ್ಮನಿಗೆ ಮಂಡಿನೋವು, ಶುಗರ್ ಬೇರೆ. ಅದಕ್ಕೇ ಎಂಟೂವರೆಗೆಲ್ಲ, ಬಸ್ಸು ನಮ್ಮನ್ನು ಇಳಿಸಿದ್ದ ಮಾಲಿನ ಎದುರು ಬಂದು ನಿಂತೆವು.

ಬಸ್ಸಿಲ್ಲ. ಬೆಳಿಗ್ಗೆ ನಂಬರ್ ಬೋರ್ಡ್ ಹಿಡಿದು ನಿಂತಿದ್ದ ಹುಡುಗನೂ ಇಲ್ಲ. ನಮ್ಮ ಹಡಗಿನ ಒಂದು ಮುಖವೂ ಇಲ್ಲ. ಮಾಲಿನ ಸೆಕ್ಯೂರಿಟಿಯವನಿಗೆ ಟಿಕೆಟ್ ತೋರಿಸಿದರೆ ಭುಜ ಕುಣಿಸಿದ. ಒಂಬತ್ತಾಯಿತು, ಒಂಬತ್ತೂಕಾಲಾಯಿತು. ಆಗ ನನ್ನ ಹೆಂಡತಿ ಟಿಕೆಟ್ ಜೊತೆ ಕೊಟ್ಟಿದ್ದ ಕಾಗದ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ನೋಡಿದಳು. ಕಾಗದದ ಬುಡದಲ್ಲಿ, ಮಡಿಕೆಯ ಮೇಲೆ ಸರಿಯಾಗಿ, ಬೂದಿ ಬಣ್ಣದ ಇರುವೆಯಂಥ ಅಕ್ಷರದಲ್ಲಿ ಒಂದು ಸಾಲು: ಎಲ್ಲ ಸಮಯವೂ ಹಡಗಿನ ಸಮಯ.

ಹಡಗು ಸಿಂಗಾಪುರದಿಂದ ಹೊರಟಿದ್ದು. ಅವರ ಗಡಿಯಾರ ಸಿಂಗಾಪುರದ್ದೇ, ಥೈಲ್ಯಾಂಡಿಗಿಂತ ಒಂದು ಗಂಟೆ ಮುಂದೆ. ನಮ್ಮ ಮೊಬೈಲೋ, ದಡಕ್ಕಿಳಿದು ಅಲ್ಲಿಯ ಸಿಗ್ನಲ್ ಹಿಡಿದ ಕೂಡಲೇ ತಾನಾಗಿ ಬ್ಯಾಂಕಾಕ್ ಸಮಯಕ್ಕೆ ಬಂದಿದೆ. ಅಂದರೆ ಅವರ ಒಂಬತ್ತು ನಮ್ಮ ಎಂಟು. ನಾವು ಬಂದು ನಿಲ್ಲುವ ಅರ್ಧ ಗಂಟೆ ಮೊದಲೇ ಬಸ್ಸು ಹೊರಟುಹೋಗಿತ್ತು! ಬ್ಯಾಂಕಾಕಿನ ರಸ್ತೆ, ಬ್ಯಾಂಕಾಕಿನ ಬಸ್ಸು, ಬ್ಯಾಂಕಾಕಿನ ಡ್ರೈವರ್, ಹೊರಡೋದು ಮಾತ್ರ ಹಡಗಿನೊಳಗಿನ ಗಡಿಯಾರ ನೋಡಿ. ಇದನ್ನು ಬಾಯಲ್ಲಿ ಹೇಳೋಕೆ ಆ ಹುಡುಗಿಗೆ ಏನಾಗಿತ್ತು? ಕೇಳಿದೆನಲ್ಲ ನಾನು, ಎದುರು ನಿಂತು ಕೇಳಿದೆನಲ್ಲ!

ಕಾಗದದಲ್ಲಿದ್ದ ತುರ್ತು ನಂಬರಿಗೆ ಫೋನ್ ಮಾಡಿದೆ. ನಡೆದ ಮಾತು ಇಷ್ಟು.

"ಬಸ್ಸು ಹೋಗಿದೆ ಸರ್."

"ನಾವು ಮೂರು ಜನ ವಾಪಸ್ ಟಿಕೆಟ್ ತಗೊಂಡಿದ್ದೇವೆ. ತಲೆ ಎಣಿಸಲಿಲ್ಲವಾ?"

"ರಾತ್ರಿ ನಿಲ್ಲುವ ದಿನ ಎಣಿಸೋದಿಲ್ಲ ಸರ್. ಕೆಲವರು ಊರಲ್ಲೇ ಉಳ್ಕೋತಾರೆ."

"ಈಗ ನಾವೇನು ಮಾಡಬೇಕು?"

"ನಾಳೆ ಬೆಳಿಗ್ಗೆ ಬಸ್ಸಿದೆ, ಬನ್ನಿ. ಹಡಗು ನಾಳೆ ಸಂಜೆವರೆಗೂ ಇಲ್ಲೇ ಇರುತ್ತಲ್ಲ ಸರ್, ಗಾಬರಿ ಯಾಕೆ?"

ಗಾಬರಿ ಯಾಕೆ ಅಂತೆ! ಅಮ್ಮನ ರಾತ್ರಿ ಮಾತ್ರೆ ಹಡಗಿನ ರೂಮಿನಲ್ಲಿದೆ, ಬಟ್ಟೆಬರೆ ಅಲ್ಲಿದೆ, ಅಮ್ಮ ಮಾಲಿನ ಮೆಟ್ಟಿಲ ಮೇಲೆ ಕೂತಿದ್ದಾರೆ, ಇವನಿಗೆ ಗಾಬರಿ ಯಾಕೆ.

ಆಮೇಲೆ ನನಗೆ ಹೊಳೆದದ್ದು ಇದು, ಇದನ್ನು ಹೇಳೋಕೇ ಬರೀತಿದ್ದೇನೆ. ಸಂಜೆಗೇ ಹೊರಡುವ ದಿನ ಇವರೆಲ್ಲ ಮೈಯೆಲ್ಲ ಕಣ್ಣಾಗಿರುತ್ತಾರೆ. ತಲೆ ಎಣಿಸುತ್ತಾರೆ, ಹತ್ತು ಸಲ ಫೋನ್ ಮಾಡುತ್ತಾರೆ, ಯಾಕಂದರೆ ಅವರ ಬಸ್ಸಲ್ಲಿ ಹೋದವರು ಬರದಿದ್ದರೆ ಹಡಗು ಹೊರಡುವುದಕ್ಕೇ ತೊಂದರೆ. ರಾತ್ರಿ ನಿಲ್ಲುವ ದಿನ ಆ ಭಯ ಯಾರಿಗೂ ಇಲ್ಲ. ಹಡಗು ಕಾಯುತ್ತೆ ಅನ್ನೋ ಭರವಸೆಗೆ ಅವತ್ತು ಮೂರು ಕಾಸಿನ ಬೆಲೆಯಿಲ್ಲ, ಹೇಗೂ ನಿಂತೇ ಇರುತ್ತಲ್ಲ! ನೀವು ನಡುರಾತ್ರಿ ಎಲ್ಲಿದ್ದೀರಿ ಅನ್ನೋದು ನಿಮ್ಮ ಪಾಡು.

ಸರಿ, ಹಾಳಾಗಲಿ, ಅಲ್ಲೇ ಹೋಟೆಲಲ್ಲಿ ಮಲಗೋಣ ಅಂತ ಹೋದೆವು. ರಿಸೆಪ್ಷನ್‌ನಲ್ಲಿ ಪಾಸ್‌ಪೋರ್ಟ್ ಕೇಳಿದರು. ನಮ್ಮ ಹಡಗಿನವರು ಹತ್ತುವಾಗಲೇ ಅದನ್ನು ತೆಗೆದಿಟ್ಟುಕೊಂಡು ಜೆರಾಕ್ಸ್ ಕೊಟ್ಟು ಕಳಿಸಿದ್ದರು. ತಂಗುವ ವಿದೇಶಿಯರ ವಿವರವನ್ನು 24 ಗಂಟೆಯೊಳಗೆ ಇಮಿಗ್ರೇಷನ್‌ಗೆ ತಿಳಿಸಬೇಕು, ಅಸಲಿ ಇಲ್ಲದೆ ರೂಮ್ ಕೊಡಲ್ಲ ಅಂದರು. ಅವರ ಮೇಲೆ ಸಿಟ್ಟಿಲ್ಲ, ಅದು ಅವರ ಕಾನೂನು. "ಊರಲ್ಲೇ ಉಳ್ಕೋತಾರೆ" ಅಂದನಲ್ಲ ಆ ಪುಣ್ಯಾತ್ಮ, ಯಾವ ಪಾಸ್‌ಪೋರ್ಟ್ ತೋರಿಸಿ ಉಳ್ಕೋತಾರೋ ಅವನೇ ಹೇಳಬೇಕು.

ಟ್ಯಾಕ್ಸಿಯವರು ಲೇಮ್ ಚಬಾಂಗ್ ಅಂದರೆ ಸಾಕು, ತಲೆ ಅಲ್ಲಾಡಿಸಿ ಮುಂದೆ ಹೋಗೋರು. ಕೊನೆಗೊಬ್ಬ ಒಪ್ಪಿದ, ಮೀಟರ್ ಹಾಕದೆ, ಹೋಗಿಬರುವ ಎರಡೂ ದಾರಿಯ ಬಾಡಿಗೆಗೆ. ಅವನೂ ಬಂದರಿನ ಗೇಟಲ್ಲೇ ಇಳಿಸಿಬಿಟ್ಟ, ಹೊರಗಿನ ಗಾಡಿ ಒಳಗೆ ಬಿಡೋದಿಲ್ಲ ಅಂತ. ಒಳಗೆ ಕಂಟೇನರ್ ಲಾರಿಗಳ ಓಡಾಟ, ನಡೆದು ಹೋಗೋ ಹಾಗಿಲ್ಲ. ಕಾವಲಿನವನು ಯಾರಿಗೋ ಫೋನ್ ಮಾಡಿ ಒಂದು ಗಾಡಿ ಕರೆಸಿದ. ನಾವು ಹಡಗು ಹತ್ತಿದಾಗ ಮಧ್ಯರಾತ್ರಿ ದಾಟಿತ್ತು. ಕೀ ಕಾರ್ಡ್ ತೋರಿಸಿದರೆ ಮಷಿನ್ ಠಿಂಗ್ ಅಂತು, ಸೆಕ್ಯೂರಿಟಿ ನಕ್ಕು "ನೈಟ್ ಲೈಫ್ ಜೋರಾ ಸರ್?" ಅಂದ. ಅಮ್ಮನ ಎದುರು! ಹಿಂದೆ ನಿಂತಿದ್ದ ಕುಡಿದ ಜೋಡಿಯೂ ನಕ್ಕಿತು.

ಬೆಳಿಗ್ಗೆ ಗೆಸ್ಟ್ ಸರ್ವಿಸ್‌ಗೆ ಹೋದರೆ ಆಯಮ್ಮ ಕಾಗದದ ಆ ಬೂದಿ ಸಾಲಿಗೆ ಹೈಲೈಟರ್ ಹಚ್ಚಿ ನನ್ನ ಕಡೆ ತಿರುಗಿಸಿದಳು, ಸ್ಕೂಲ್ ಹುಡುಗನಿಗೆ ತಪ್ಪು ತೋರಿಸಿದ ಹಾಗೆ. ಕ್ಯೂನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಟ್ಯಾಕ್ಸಿ ದುಡ್ಡು ಕೇಳಿದ್ದಕ್ಕೆ, "ಬಸ್ಸು ಸಮಯಕ್ಕೆ ಸರಿಯಾಗಿ ಹೊರಟಿದೆ ಸರ್. ನೀವು ಸುರಕ್ಷಿತವಾಗಿ ಬಂದಿರಲ್ಲ, ಹಡಗೂ ತಪ್ಪಲಿಲ್ಲ." ಮತ್ತೆ ಅದೇ ರಾಗ. ಹಡಗು ತಪ್ಪೋದು ಬಿಟ್ಟರೆ ಇವರ ಲೆಕ್ಕದಲ್ಲಿ ಬೇರೆ ತೊಂದರೆಯೇ ಇಲ್ಲ.

ಹೋಗೋರು ಹೋಗಿ. ಆದರೆ ಕೊನೆ ಬಸ್ಸು ಎಷ್ಟಕ್ಕೆ ಅಂತಷ್ಟೇ ಕೇಳಬೇಡಿ, ಯಾವ ಗಡಿಯಾರದಲ್ಲಿ ಅಂತ ಕೇಳಿ, ಟಿಕೆಟ್ ಮೇಲೇ ಪೆನ್ನಲ್ಲಿ ಬರೆಸಿಕೊಳ್ಳಿ. ಕೈಗೆ ಹಡಗಿನ ಸಮಯದ ವಾಚ್ ಕಟ್ಟಿಕೊಳ್ಳಿ, ಮೊಬೈಲ್ ನಂಬಬೇಡಿ. ರಾತ್ರಿ ಮಾತ್ರೆ ಜೊತೆಗಿರಲಿ. ಊರಲ್ಲಿ ಉಳಿಯೋ ಆಸೆಯಿದ್ದರೆ ಪಾಸ್‌ಪೋರ್ಟ್ ಕೈಗೆ ಕೊಡ್ತಾರಾ ಅಂತ ಬುಕಿಂಗ್‌ಗೆ ಮೊದಲೇ ಕೇಳಿ. ಟ್ಯಾಕ್ಸಿ ರಸೀದಿ ಇಸ್ಕೊಳ್ಳಿ, ನಾನು ಜಗಳವಾಡಿ ಇಸ್ಕೊಂಡಿದ್ದೆ.

ಆ ರಸೀದಿ ಲಗತ್ತಿಸಿ ಕಂಪನಿಗೆ ಮೇಲ್ ಹಾಕಿದೆ. ಬಂದ ಉತ್ತರದಲ್ಲಿ ವಿಷಾದ ಒಂದು ಸಾಲು, ಮುಂದಿನ ಕ್ರೂಸ್ ಬುಕ್ ಮಾಡಿದರೆ ರಿಯಾಯಿತಿ ಅಂತ ನಾಲ್ಕು ಸಾಲು. ರಿಯಾಯಿತಿ ಬೇಡ, ಟ್ಯಾಕ್ಸಿ ದುಡ್ಡು ಕೊಡಿ ಅಂತ ಮತ್ತೆ ಬರೆದಿದ್ದೇನೆ. ಇನ್ನೂ ಉತ್ತರವಿಲ್ಲ.