ಹಡಗು ಟ್ರ್ಯಾಕ್ ಮಾಡೋ ಆ್ಯಪ್: ದುಡ್ಡು ಕೊಟ್ಟು ತಗೋಬೇಕಾ?

ಆ್ಯಪ್ ಹೆಸರು ಬೇಡ ಬಿಡಿ, ಇಂಥವು ನಾಲ್ಕೈದಿವೆ, ಎಲ್ಲದರ ಹೊಟ್ಟೇಲಿರೋದೂ ಅದೇ ಎಐಎಸ್ ಸಿಗ್ನಲ್. 300 ಗ್ರಾಸ್ ಟನ್ (ಹಡಗಿನ ಗಾತ್ರದ ಅಳತೆ) ಮೇಲಿರೋ ಹಡಗು ದೇಶದಿಂದ ದೇಶಕ್ಕೆ ಹೋಗೋದಾದ್ರೆ ತಾನ್ಯಾರು, ಎಲ್ಲಿದೀನಿ, ಎಷ್ಟು ಸ್ಪೀಡು, ಎಲ್ಲಿಗೆ ಹೊರಟೆ ಅಂತ ರೇಡಿಯೋದಲ್ಲಿ ಹೇಳ್ತಾನೇ ಇರ್ಬೇಕು, ಅದನ್ನ ಹಿಡ್ದು ಮ್ಯಾಪ್ ಮೇಲೆ ತೋರಿಸ್ತಾರೆ. ನಾನು ಹಾಕ್ಕೊಂಡಿರೋದ್ರಲ್ಲಿ ಟ್ಯಾಂಕರ್ ಕೆಂಪು, ಸರಕಿನ ಹಡಗು ಹಸಿರು.

ಫಿಲ್ಟರ್ ಚೆನ್ನಾಗಿದೆ. ಕೆಂಪು ಮಾತ್ರ ಉಳಿಸ್ಕೊಂಡು ಪರ್ಷಿಯನ್ ಕೊಲ್ಲಿಗೆ ಜೂಮ್ ಮಾಡಿ. ಇರಾನ್-ಒಮಾನ್ ನಡುವಿನ ಹೋರ್ಮುಜ್ ಜಲಸಂಧಿ ಕಿರಿದಾಗಿರೋ ಕಡೆ ಬರೀ 33 ಕಿಮೀ, ಅದ್ರಲ್ಲೂ ಹೋಗೋ ಲೇನು ಬರೋ ಲೇನು ಒಂದೊಂದೂ ಮೂರು ಕಿಮೀ ಚಿಲ್ರೆ ಅಗಲ. 2024ರಲ್ಲಿ ಈ ಸಂದಿಯಿಂದ ದಿನಕ್ಕೆ ಸುಮಾರು 2 ಕೋಟಿ ಬ್ಯಾರಲ್ ಎಣ್ಣೆ ಹೋಗಿದೆ, ಜಗತ್ತು ಉರಿಸೋದ್ರಲ್ಲಿ ಐದನೇ ಒಂದು ಭಾಗ, ಕತಾರ್ ಗ್ಯಾಸ್ ಬೇರೆ. ಅಮೆರಿಕದ ಐದನೇ ನೌಕಾಪಡೆ ಈ ಕೊಲ್ಲಿಯೊಳಗಿನ ಬಹ್ರೇನ್‌ನಲ್ಲೇ ಯಾಕೆ ಠಿಕಾಣಿ ಹೂಡಿದೆ ಅಂತ ಟಿವಿ ಡಿಬೇಟ್ ಎಷ್ಟು ಕೇಳಿದ್ರೂ ನನ್ನ ತಲೆಗೆ ಹತ್ತಿರ್ಲಿಲ್ಲ, ಈ ಮ್ಯಾಪ್ ನೋಡಿದ್ ಮೇಲೆ ಹತ್ತಿತು.

1987ರ ಕಥೆ ಕೂಡ ಇದೇ ನೀರಿಂದು. ಇರಾನ್-ಇರಾಕ್ ಯುದ್ಧದಲ್ಲಿ ಟ್ಯಾಂಕರ್‌ಗಳಿಗೆ ಹೊಡೆತ ಬೀಳ್ತಿತ್ತು, ಕುವೈತ್‌ನೋರು ಕಾಪಾಡಿ ಅಂತ ಅಮೆರಿಕಾನೂ ಕೇಳಿದ್ರು ಸೋವಿಯತ್‌ನೂ ಕೇಳಿದ್ರು, ಸೋವಿಯತ್‌ನೋರು ಟ್ಯಾಂಕರ್ ಬಾಡಿಗೆಗೆ ಕೊಡ್ತೀವಿ ಅಂದಿದ್ದೇ ತಡ ಅಮೆರಿಕ ಕುವೈತ್‌ನ 11 ಟ್ಯಾಂಕರ್‌ಗೆ ತನ್ನ ಬಾವುಟ ಹಾಕಿ ಬೆಂಗಾವಲಿಗೆ ನಿಂತ್ಕೊಂಡ್ತು. ಬೆಂಗಾವಲಿನ ಮೊದಲ ಪ್ರಯಾಣದಲ್ಲೇ, ಜುಲೈ 24ಕ್ಕೆ, ಬ್ರಿಡ್ಜ್‌ಟನ್ ಅನ್ನೋ ದೈತ್ಯ ಟ್ಯಾಂಕರ್ ಮೈನ್‌ಗೆ (ನೀರಲ್ಲಿ ಇಟ್ಟಿರೋ ಬಾಂಬ್‌ಗೆ) ತಾಗಿತು. ಆಮೇಲೆ ಕಾಯೋಕೆ ಬಂದ ಯುದ್ಧನೌಕೆಗಳು ಅದ್ರ ಹಿಂದೆ ಸಾಲಾಗಿ ಹೋದ್ವು, ಯಾಕಂದ್ರೆ ಇನ್ನೊಂದು ಮೈನ್ ಸಿಕ್ರೆ ತಡ್ಕೊಳ್ಳೋ ತಾಕತ್ತಿದ್ದದ್ದು ಟ್ಯಾಂಕರ್‌ಗೇ!

ನಂಗೆ ಭಾರಿ ಇಷ್ಟ ಆದ ಫೀಚರ್ ಡೆಸ್ಟಿನೇಶನ್ ಕಾಲಂ. ಹಡಗಿನೋರೇ ಕೈಯಲ್ಲಿ ಟೈಪ್ ಮಾಡೋ ಜಾಗ ಅದು, ಬಂದರಿನ ಹೆಸರಿರ್ಬೇಕು. 2024ರಲ್ಲಿ ಯೆಮನ್‌ನ ಹೂತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಕ್ಷಿಪಣಿ ಬಿಡ್ತಿದ್ದಾಗ ಎಷ್ಟೋ ಹಡಗು ಆ ಕಾಲಂನಲ್ಲಿ ‘ಆಲ್ ಚೈನೀಸ್ ಕ್ರೂ’ (ಸಿಬ್ಬಂದಿಯೆಲ್ಲ ಚೀನಾದೋರು) ಅಂತ ಬರ್ಕೊಂಡು ಹೋದ್ವು. ಚೀನಾ ಇರಾನ್ ಎಣ್ಣೇನ ಡಿಸ್ಕೌಂಟ್‌ನಲ್ಲಿ ಕೊಳ್ಳೋ ಗಿರಾಕಿ, ಹೂತಿಗಳು ಇರಾನ್ ಕಡೆಯೋರು, ಗಿರಾಕಿ ಮೇಲೆ ಕೈ ಮಾಡಲ್ಲ ಅನ್ನೋ ಲೆಕ್ಕ. ಕೊಲ್ಲೀಲಿ ಕಾವಲಿನ ಖರ್ಚು ಅಮೆರಿಕದ್ದು, ಹೋರ್ಮುಜ್ ದಾಟೋ ಎಣ್ಣೇಲಿ ಹೆಚ್ಚಿನ ಪಾಲು ಬರೋದು ಏಷ್ಯಾಗೆ, ಅದ್ರಲ್ಲಿ ದೊಡ್ಡ ಗಿರಾಕಿ ಚೀನಾ. ಬೀಜಿಂಗ್‌ನೋರು ಅಲ್ಲಿ ಯುದ್ಧಕ್ಕೆ ತಲೆ ಹಾಕ್ದೆ ಶಾಂತಿ ಶಾಂತಿ ಅಂತ ಹೇಳಿಕೆ ಕೊಡೋದ್ರಲ್ಲಿ ನಂಗಂತೂ ಆಶ್ಚರ್ಯ ಕಾಣ್ಸಲ್ಲ.

ಈಗ ಕೊರತೆ. ಯುದ್ಧನೌಕೆಗಳು ಸಾಮಾನ್ಯವಾಗಿ ಕಾಣಲ್ಲ, ಅವಕ್ಕೆ ಸಿಗ್ನಲ್ ಹಾಕ್ಲೇಬೇಕು ಅನ್ನೋ ನಿಯಮಾನೇ ಇಲ್ಲ. ನಿರ್ಬಂಧ ಇರೋ ಇರಾನ್, ರಷ್ಯಾ ಎಣ್ಣೆ ಸಾಗಿಸೋ ಹಳೇ ಟ್ಯಾಂಕರ್‌ಗಳು ಬೇಕಾದಾಗ ಸಿಗ್ನಲ್ ಆಫ್ ಮಾಡ್ಕೊಂಡು ಮಲೇಷ್ಯಾ ಕಡೆ ಸಮುದ್ರದಲ್ಲಿ ಇನ್ನೊಂದು ಹಡಗಿಗೆ ಮಾಲು ದಾಟಿಸಿಬಿಡ್ತವೆ. 2025 ಜೂನ್‌ನಲ್ಲಿ ಇಸ್ರೇಲ್-ಇರಾನ್ ಹೊಡೆದಾಟದ ಟೈಮಲ್ಲಿ ಜಿಪಿಎಸ್ ಜಾಮ್ ಆಗಿ ನೂರಾರು ಹಡಗಿನ ಜಾಗ ಎಡವಟ್ಟಾಗಿ, ಕೆಲವು ಒಣ ನೆಲದ ಮೇಲೆ ನಿಂತಂಗೆ ಕಂಡ್ವು. ಅಂದ್ರೆ ಸುದ್ದಿ ಬಿಸಿ ಇದ್ದಾಗ್ಲೇ ಆ್ಯಪ್ ನಂಬೋಹಾಗಿಲ್ಲ. ದಡದ ರಿಸೀವರ್‌ಗೆ ಸಿಗದ ನಡು ಸಮುದ್ರದ ಹಡಗು ಬೇಕಂದ್ರೆ ಸ್ಯಾಟಲೈಟ್ ಪ್ಲಾನ್, ಅದಕ್ಕೆ ದುಡ್ಡು, ಜೊತೆಗೆ ಮ್ಯಾಪ್ ಅರ್ಧ ಮುಚ್ಚೋ ಜಾಹೀರಾತು.

ಮಂಗಳೂರಿನೋರು ಫ್ರೀ ವರ್ಷನ್ ಹಾಕ್ಕೊಳ್ಳಿ, ಎಂಆರ್‌ಪಿಎಲ್ ರಿಫೈನರಿಗೆ ಕಚ್ಚಾ ತೈಲ ತರೋ ಟ್ಯಾಂಕರ್, ನವಮಂಗಳೂರು ಬಂದರಿಗೆ ಬರೋ ಎಲ್‌ಪಿಜಿ ಹಡಗು ಎರಡೂ ಮನೇಲೇ ಕೂತು ನೋಡಬಹುದು. ಉಡುಪಿ ಜಿಲ್ಲೆಯ ಪಾದೂರು, ಮಂಗಳೂರು ಎರಡೂ ಕಡೆ ನೆಲದಡಿ ಬಂಡೆ ಕೊರೆದು ಒಟ್ಟು 40 ಲಕ್ಷ ಟನ್ ಎಣ್ಣೆ ಹಿಡಿಯೋ ಜಾಗ ಮಾಡಿರೋದೂ ಇದೇ ಹೋರ್ಮುಜ್ ಥರದ ಭಯಕ್ಕೆ. ದುಡ್ಡಿನ ಪ್ಲಾನು ಶಿಪ್ಪಿಂಗ್ ಕೆಲಸದಲ್ಲಿರೋರಿಗೆ ಮಾತ್ರ, ನಮ್ಮಂಥೋರಿಗೆ ದಂಡ.